ಇನ್ನು ಮುಂದೆ ಗೀಸರ್ ಜೊತೆ ಕೋಣೆಯನ್ನೂ ನೋಡುತ್ತೇವೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಬರುವ ತಿಂಗಳಿಂದ ನಮ್ಮ ಸರ್ವಿಸ್ ಮಾಡುವ ರೀತಿಯಲ್ಲಿ ಒಂದು ಬದಲಾವಣೆ ಇದೆ. ಗ್ಯಾಸ್ ಗೀಸರ್, ಗ್ಯಾಸ್ ಹೀಟರ್, ಬಾಯ್ಲರ್, ಸೌದೆ ಒಲೆ, ಹೀಗೆ ಮನೆಯೊಳಗೆ ಬೆಂಕಿ ಉರಿಯುವ ಯಾವುದೇ ಉಪಕರಣದ ಕೆಲಸಕ್ಕೆ ಕರೆದರೂ, ಅದಕ್ಕೆ ಗಾಳಿ ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡುತ್ತೇವೆ. ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವುದು ಆಮೇಲೆ. ಗಾಳಿ ಸಾಲುತ್ತಿಲ್ಲ ಅಂತ ಕಂಡರೆ, ಅದಕ್ಕೊಂದು ದಾರಿ ಆಗುವ ತನಕ ಆ ಉಪಕರಣವನ್ನು ಹಚ್ಚಿಕೊಡುವುದಿಲ್ಲ. ಅಂಥ ಜಾಗದಲ್ಲಿ ಹೊಸದನ್ನು ಕೂರಿಸುವುದೂ ಇಲ್ಲ.

ಇದರಿಂದ ಪ್ರತಿ ಮನೆಯಲ್ಲೂ ಸುಮಾರು ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ. ದಿನಕ್ಕೆ ಮುಗಿಸುವ ಮನೆಗಳು ಕಡಿಮೆಯಾಗುತ್ತವೆ. ಹಾಗಾಗಿ ನಿಮ್ಮ ಸರದಿ ಎರಡು ಮೂರು ದಿನ ತಡವಾಗಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇವೆ. ಪರೀಕ್ಷೆಗೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ. ಈ ಮಾತಿಗೆ ನಮ್ಮ ಮೆಕ್ಯಾನಿಕ್‌ಗಳ ಸಂಘದ ಸಭೆಯಲ್ಲಿ ಸ್ವಲ್ಪ ಜಗಳವೇ ಆಯಿತು. ದುಡ್ಡು ಕೇಳಿದರೆ ಜನ ‘ಅದೊಂದು ಬೇಡ ಬಿಡಿ’ ಅನ್ನುತ್ತಾರೆ, ಅಲ್ವಾ? ಹಾಗೆ ಅನ್ನಿಸಿಕೊಳ್ಳುವ ಕೆಲಸ ಇದಲ್ಲ ಅಂತ ಕೊನೆಗೆ ಎಲ್ಲರೂ ಒಪ್ಪಿದರು.

ಈಗ ಕಾರಣ ಹೇಳಬೇಕು. ತಪ್ಪು ನಮ್ಮದೇ.

ಒಂದು ಮನೆಗೆ ನಾವು ಅಡುಗೆಮನೆಯ ಚಿಮಣಿ ಕೂರಿಸಿಕೊಟ್ಟಿದ್ದೆವು. ಪಕ್ಕದ ಸಣ್ಣ ಕೋಣೆಯಲ್ಲಿ ಗ್ಯಾಸ್ ಗೀಸರ್ ಇತ್ತು. ಅದನ್ನೂ ಎರಡು ತಿಂಗಳ ಹಿಂದೆ ನಾವೇ ಸರ್ವಿಸ್ ಮಾಡಿದ್ದೆವು. ಹೊಗೆ ಕೊಳವೆ ಸ್ವಚ್ಛವಾಗಿತ್ತು, ಬರ್ನರ್ ಚೆನ್ನಾಗಿತ್ತು. ಇದಾದ ಮೇಲೆ ಮನೆಯವರು ಚಳಿ ತಡೆಯಲಿ ಅಂತ ಕಿಟಕಿಗಳಿಗೆ ರಬ್ಬರ್ ಪಟ್ಟಿ ಹಾಕಿಸಿದರು. ಸ್ವಲ್ಪ ದಿನಕ್ಕೆ ಮೂವರಿಗೂ ಸಂಜೆ ಹೊತ್ತು ತಲೆನೋವು ಶುರುವಾಯಿತು. ಹೊರಗೆ ಹೋದರೆ ಆರಾಮು. ಮನೆಗೆ ಬಂದರೆ ಮತ್ತೆ ಅದೇ. ನಮ್ಮನ್ನು ಕರೆದರು. ಹೋಗಿ ಗೀಸರ್ ನೋಡಿದೆವು, ಸರಿಯಾಗಿತ್ತು. ಚಿಮಣಿ ನೋಡಿದೆವು, ಅದೂ ಸರಿ. ‘ಏನೂ ತೊಂದರೆ ಇಲ್ಲ’ ಅಂತ ಹೇಳಿ ಬಂದೆವು. ಆ ಮಾತು ಈಗಲೂ ನಮ್ಮನ್ನು ಚುಚ್ಚುತ್ತದೆ.

ಎರಡನೇ ಸಲ ಹೋದಾಗ ನಮ್ಮ ಹುಡುಗನೊಬ್ಬ ಬಾಗಿಲು ಕಿಟಕಿ ಎಲ್ಲ ಮುಚ್ಚಿ, ಚಿಮಣಿ ಜೋರಾಗಿ ಹಾಕಿ, ಆಮೇಲೆ ಗೀಸರ್ ಹಚ್ಚಿದ. ಗೀಸರ್‌ನ ತಲೆಯ ಹತ್ತಿರ, ಕೊಳವೆ ಶುರುವಾಗುವ ಕಡೆ, ಒಂದು ಊದುಬತ್ತಿ ಹಿಡಿದ. ಹೊಗೆ ಒಳಗೆ ಎಳೆದುಕೊಂಡು ಹೋಗಬೇಕಿತ್ತು. ಅದು ಸೀದಾ ಅವನ ಮುಖಕ್ಕೆ ಬಂತು.

ಆಗಿದ್ದು ಇಷ್ಟೇ. ಅಡುಗೆಮನೆಯ ಚಿಮಣಿ ಗಂಟೆಗೆ ನೂರಾರು ಘನ ಮೀಟರ್ ಗಾಳಿಯನ್ನು ಹೊರಗೆ ದಬ್ಬುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಮೊದಲು ಕಿಟಕಿ ಸಂದಿಗಳಿಂದ ಬರುತ್ತಿತ್ತು. ಸಂದಿಗಳು ಮುಚ್ಚಿದವು. ಮನೆಯಲ್ಲಿ ಆಕಾಶಕ್ಕೆ ತೆರೆದಿದ್ದ ಬಾಯಿ ಇನ್ನು ಒಂದೇ, ಗೀಸರ್‌ನ ಹೊಗೆ ಕೊಳವೆ. ಚಿಮಣಿ ಅಲ್ಲಿಂದಲೇ ಗಾಳಿ ಎಳೆದುಕೊಂಡಿತು. ಗೀಸರ್‌ನ ಹೊಗೆ ಮೇಲೆ ಹೋಗಲಾರದೆ ಕೋಣೆಗೆ ಇಳಿಯಿತು. ಒಂದೊಂದೇ ನೋಡಿದರೆ ಎಲ್ಲ ಸರಿ. ಒಟ್ಟಿಗೆ ಸೇರಿದಾಗ ಅಪಾಯ. ನಾವು ಒಂದೊಂದೇ ನೋಡುವವರಾಗಿದ್ದೆವು.

ಬೆಂಕಿಗೆ ಎಷ್ಟು ಗಾಳಿ ಬೇಕು ಅಂತ ಹೇಳಿದರೆ ಹೆಚ್ಚಿನವರು ನಂಬುವುದಿಲ್ಲ. ಒಂದು ಲೆಕ್ಕ ಮಾಡೋಣ. 1 ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. 12 ಕಿಲೋವ್ಯಾಟ್‌ನ ಸಾಮಾನ್ಯ ಗೀಸರ್ ಗಂಟೆಗೆ ಹೆಚ್ಚುಕಡಿಮೆ 1 ಕಿಲೋ ಉರಿಸುತ್ತದೆ. ಈಗ ಸ್ನಾನದ ಕೋಣೆ ನೋಡಿ. 1.5 ಮೀಟರ್ ಅಗಲ, 2 ಮೀಟರ್ ಉದ್ದ, 2.4 ಮೀಟರ್ ಎತ್ತರ ಅಂದುಕೊಂಡರೆ ಒಟ್ಟು ಗಾಳಿ 7.2 ಘನ ಮೀಟರ್. ಬಾಗಿಲಿನ ಸಂದಿಯನ್ನೂ ಮುಚ್ಚಿ ಹತ್ತು ನಿಮಿಷ ಗೀಸರ್ ಉರಿಸಿದರೆ, 21 ಶೇಕಡಾ ಇದ್ದ ಆಮ್ಲಜನಕ 15ರ ಹತ್ತಿರಕ್ಕೆ ಇಳಿಯುತ್ತದೆ. ಕೆಲವು ಹೀಟರ್‌ಗಳಲ್ಲಿ ಆಮ್ಲಜನಕ ಕಡಿಮೆಯಾದರೆ ಆರಿಹೋಗುವ ಸೆನ್ಸರ್ ಇರುತ್ತದೆ. ಅದು 18ರ ಸುತ್ತಮುತ್ತಲೇ ಗ್ಯಾಸ್ ನಿಲ್ಲಿಸಿಬಿಡುತ್ತದೆ. ಅಂದರೆ ಹತ್ತು ನಿಮಿಷದ ಸ್ನಾನ ಮುಗಿಯುವ ಮೊದಲೇ ಆ ಗೆರೆ ದಾಟಿರುತ್ತೇವೆ.

ಆಮ್ಲಜನಕ ಇಳಿದಂತೆ ಬೆಂಕಿ ಅರ್ಧಂಬರ್ಧ ಉರಿಯುತ್ತದೆ. ಆಗ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಇದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಳಿಯಲ್ಲಿ ಚೂರೇ ಇದ್ದರೂ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಒಳ್ಳೆಯ ಗಾಳಿಗೆ ಬಂದ ಮೇಲೂ ಅದರಲ್ಲಿ ಅರ್ಧ ಬಿಟ್ಟುಹೋಗಲು ನಾಲ್ಕೈದು ಗಂಟೆ ಬೇಕು.

‘ವಾಸನೆ ಏನೂ ಇರಲಿಲ್ಲವಲ್ಲ’ ಅಂತ ಬಹಳ ಜನ ಕೇಳುತ್ತಾರೆ. ಇಲ್ಲೊಂದು ಗೊಂದಲ ಇದೆ. ಸಿಲಿಂಡರ್ ಸೋರಿದಾಗ ಬರುವ ಕೆಟ್ಟ ವಾಸನೆ ಗ್ಯಾಸಿನದ್ದಲ್ಲ. ಸೋರಿಕೆ ಗೊತ್ತಾಗಲಿ ಅಂತ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್‌ನದ್ದು. ಉರಿದ ಮೇಲೆ ಅದು ಉಳಿಯುವುದಿಲ್ಲ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಿಸುವುದಿಲ್ಲ. ಸೋರಿದ ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಕೂರುತ್ತದೆ. ಕಾರ್ಬನ್ ಮೊನಾಕ್ಸೈಡ್ ಗಾಳಿಗಿಂತ ಒಂಚೂರು ಹಗುರ, ಕೋಣೆಯ ತುಂಬ ಬೆರೆತುಹೋಗುತ್ತದೆ. ಎರಡೂ ಬೇರೆ ಬೇರೆ ಅಪಾಯ. ಒಂದಕ್ಕೆ ಇಟ್ಟ ಅಲಾರಂ ಇನ್ನೊಂದಕ್ಕೆ ಕೂಗುವುದಿಲ್ಲ.

ಜ್ವಾಲೆ ನೀಲಿ ಇದ್ದರೆ ಸಾಕು ಅಂತ ನಾವೂ ಹಿಂದೆ ಹೇಳಿದ್ದುಂಟು. ಅದು ಅರ್ಧ ಸತ್ಯ. ಹಳದಿ ಜ್ವಾಲೆ, ಪಾತ್ರೆಯ ಮೇಲೆ ಅಥವಾ ಗೀಸರ್ ಮೇಲೆ ಮಸಿ, ಕಿಟಕಿ ಗಾಜಿನ ತುಂಬ ನೀರು ಕಂಡರೆ ಖಂಡಿತ ಎಚ್ಚರ ಬೇಕು. (1 ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗೂ ಜಾಸ್ತಿ ನೀರಾವಿ ಹುಟ್ಟುತ್ತದೆ. ಗೋಡೆ ಬೂಷ್ಟು ಹಿಡಿಯುವುದಕ್ಕೆ ಬರೀ ಪೇಂಟನ್ನು ಬೈದು ಪ್ರಯೋಜನವಿಲ್ಲ.) ಆದರೆ ಜ್ವಾಲೆ ನೀಲಿಯೇ ಇದ್ದರೂ ಮೇಲೆ ಹೇಳಿದ ಮನೆಯ ಹಾಗೆ ಹೊಗೆ ವಾಪಸ್ಸು ಬರಬಹುದು.

ಈಗ ನಮ್ಮ ಹುಡುಗರು ಬಂದಾಗ ಏನು ಮಾಡುತ್ತಾರೆ ಅನ್ನುವುದು. ಮೊದಲು ಕೋಣೆಯ ಅಳತೆ. ಬೇರೆ ದಾರಿಯಿಂದ ಗಾಳಿ ಬರದ ಕೋಣೆಯಾದರೆ ಪ್ರತಿ ಕಿಲೋವ್ಯಾಟ್‌ಗೆ 4.8 ಘನ ಮೀಟರ್ ಜಾಗ ಇರಬೇಕು ಅನ್ನುವ ಲೆಕ್ಕ ಇಟ್ಟುಕೊಂಡಿದ್ದೇವೆ. 12 ಕಿಲೋವ್ಯಾಟ್‌ನ ಗೀಸರ್‌ಗೆ ಅದು 58 ಘನ ಮೀಟರ್, ಅಂದರೆ ಸುಮಾರು 5 ಮೀಟರ್‌ಗೆ 5 ಮೀಟರ್‌ನ ಹಾಲ್. ರಬ್ಬರ್ ಪಟ್ಟಿ ಹಾಕಿ ಬಿಗಿ ಮಾಡಿದ ಮನೆಗೆ ಈ ಲೆಕ್ಕವೂ ಸಾಲದು. ಅಲ್ಲಿ ಗೋಡೆಗೆ ತೂತು ಬೇಕೇ ಬೇಕು. ತೂತು ಎರಡು ಇರಲಿ. ಒಂದು ಚಾವಣಿಯಿಂದ 30 ಸೆಂಟಿಮೀಟರ್ ಒಳಗೆ, ಇನ್ನೊಂದು ನೆಲದಿಂದ 30 ಸೆಂಟಿಮೀಟರ್ ಒಳಗೆ. ಕೆಳಗಿನದು ನೆಲಮಾಳಿಗೆಗೆ ತೆರೆಯುವಂತೆ ಇರಬಾರದು.

ತೂತಿನ ಗಾತ್ರದಲ್ಲಿ ಎಲ್ಲರೂ ಮೋಸ ಹೋಗುವುದು ಜಾಲರಿಯ ವಿಷಯಕ್ಕೆ. ಮರದ ಪಟ್ಟಿಗಳ ಲೂವರ್ ಹಾಕಿದರೆ ಕಾಣುವ ಜಾಗದಲ್ಲಿ ಕಾಲು ಭಾಗದಷ್ಟು ಮಾತ್ರ ಗಾಳಿಗೆ ಸಿಗುತ್ತದೆ ಅಂತ ಲೆಕ್ಕ ಹಿಡಿಯುತ್ತಾರೆ. ತಗಡಿನ ಲೂವರ್‌ನಲ್ಲಿ ಮುಕ್ಕಾಲು ಭಾಗ. ಸೊಳ್ಳೆ ಜಾಲರಿ ಹಾಕಿದರಂತೂ ಧೂಳು, ಜೇಡರ ಬಲೆ, ಬಟ್ಟೆಯ ಜೂಲು ಸೇರಿ ಸ್ವಲ್ಪ ತಿಂಗಳಲ್ಲೇ ಮುಚ್ಚಿಹೋಗುತ್ತದೆ. ನಾವು ಕಾಲು ಇಂಚಿಗಿಂತ ಸಣ್ಣ ಕಣ್ಣಿನ ಜಾಲರಿ ಹಾಕುವುದಿಲ್ಲ. ಸೊಳ್ಳೆ ಬರುತ್ತದಲ್ಲ ಅಂತ ಬೇಜಾರಾಗಬಹುದು. ಸೊಳ್ಳೆ ತಡೆಯಲು ಬೇರೆ ಉಪಾಯ ಇದೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇವೆ, ತಪ್ಪು ತಿಳಿಯಬೇಡಿ. ನಾವು ಮಾಡಿಕೊಟ್ಟ ಎಷ್ಟೋ ತೂತುಗಳಿಗೆ ಆಮೇಲೆ ಹಳೇ ನ್ಯೂಸ್‌ಪೇಪರ್ ತುರುಕಿದ್ದು, ಕ್ಯಾಲೆಂಡರ್ ಹೊಡೆದಿದ್ದು, ಬೀರು ಅಡ್ಡ ಇಟ್ಟಿದ್ದು ನೋಡಿದ್ದೇವೆ. ಚಳಿಗಾಳಿ ಬರುತ್ತದೆ ಅನ್ನುವುದು ನಿಜ. ಆ ಗಾಳಿ ಬೆಂಕಿಯ ಪಾಲಿನದ್ದು. ಹಾಗೆ ಏನಾದರೂ ತುರುಕಿದ್ದರೆ, ನಾವು ಬರುವ ತನಕ ಕಾಯಬೇಡಿ, ಇವತ್ತೇ ತೆಗೆಯಿರಿ.

ಅಳತೆ ಆದ ಮೇಲೆ ಊದುಬತ್ತಿ ಪರೀಕ್ಷೆ. ಮನೆಯ ಕಿಟಕಿ ಬಾಗಿಲು ಮುಚ್ಚಿ, ಚಿಮಣಿ, ಎಕ್ಸಾಸ್ಟ್ ಫ್ಯಾನ್, ಬಟ್ಟೆ ಒಣಗಿಸುವ ಯಂತ್ರ, ಗಾಳಿ ಹೊರಗೆ ಹಾಕುವ ಎಲ್ಲವನ್ನೂ ಒಟ್ಟಿಗೆ ಚಾಲು ಮಾಡುತ್ತೇವೆ. ಕೊಳವೆ ಬಿಸಿಯಾಗಲು ಐದು ನಿಮಿಷ ಬಿಟ್ಟು ಹೊಗೆ ಯಾವ ಕಡೆ ಹೋಗುತ್ತದೆ ಅಂತ ನೋಡುತ್ತೇವೆ. ಜೊತೆಗೆ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಮೀಟರ್ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮನೆಯೊಳಗಿನ ಗಾಳಿಗೆ ಹೇಳಿದ ಮಿತಿ ಎಂಟು ಗಂಟೆಗೆ ಘನ ಮೀಟರ್‌ಗೆ 10 ಮಿಲಿಗ್ರಾಂ, ಅಂದರೆ 9 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 9 ಪಾಲು) ಹತ್ತಿರ. ಮೀಟರ್ ಅದನ್ನು ದಾಟಿದರೆ ನಾವು ಅಲ್ಲಿಗೇ ನಿಲ್ಲಿಸುತ್ತೇವೆ.

ಒಂದು ವಿನಂತಿ. ‘ನೀವು ಬರುತ್ತೀರಿ ಅಂತ ಎಲ್ಲ ಕಿಟಕಿ ತೆಗೆದಿಟ್ಟಿದ್ದೇವೆ’ ಅಂತ ಕೆಲವರು ಪ್ರೀತಿಯಿಂದ ಹೇಳುತ್ತಾರೆ. ದಯವಿಟ್ಟು ಮನೆಯನ್ನು ಚಳಿಗಾಲದ ರಾತ್ರಿ ಹೇಗೆ ಇಟ್ಟುಕೊಳ್ಳುತ್ತೀರೋ ಹಾಗೇ ತೋರಿಸಿ. ಹೊಸ ಕಿಟಕಿ, ಹೊಸ ಚಿಮಣಿ, ಕಟ್ಟಿ ಮುಚ್ಚಿದ ಬಾಲ್ಕನಿ ಇದ್ದರೆ ಫೋನಿನಲ್ಲೇ ಹೇಳಿ. ‘ಹದಿನೈದು ವರ್ಷದಿಂದ ಹೀಗೇ ಇದೆ, ಏನೂ ಆಗಿಲ್ಲ’ ಅನ್ನುವವರಿಗೂ ನಮ್ಮ ಪ್ರಶ್ನೆ ಇದೇ. ಗೀಸರ್ ಹಾಗೇ ಇದೆ, ಸರಿ. ಮನೆ ಹಾಗೇ ಇದೆಯಾ?

ಹೊಗೆ ಕೊಳವೆಯೇ ಇಲ್ಲದ ಗೀಸರ್ ಸ್ನಾನದ ಕೋಣೆಯೊಳಗಿದ್ದರೆ ಇನ್ನು ಮುಂದೆ ಅದಕ್ಕೆ ಸರ್ವಿಸ್ ಇಲ್ಲ. ಹೊರಗೆ ಸಾಗಿಸಿಕೊಡುತ್ತೇವೆ. ಹೊಸದು ಕೊಳ್ಳುವವರಿಗೆ ನಮ್ಮ ಸಲಹೆ, ಸಾಧ್ಯವಾದರೆ ಮುಚ್ಚಿದ ಪೆಟ್ಟಿಗೆಯ ಮಾದರಿ ತೆಗೆದುಕೊಳ್ಳಿ. ಅದು ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊಗೆಯನ್ನು ಹೊರಗೇ ಬಿಡುತ್ತದೆ. ಕೋಣೆಯ ಗಾಳಿಯನ್ನು ಮುಟ್ಟುವುದೇ ಇಲ್ಲ. ಇನ್ನು ಇದ್ದಿಲ ಕೆಂಡ ಮತ್ತು ಜನರೇಟರ್. ಇವೆರಡಕ್ಕೆ ಯಾವ ತೂತೂ ಸಾಲದು. ಕೆಂಡದಲ್ಲಿ ಜ್ವಾಲೆ ಇಲ್ಲ, ಹೊಗೆ ಇಲ್ಲ ಅಂತ ಮಲಗುವ ಕೋಣೆಗೆ ತರಲೇಬೇಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿಕೊಳ್ಳಿ ಅಂತ ಖಂಡಿತ ಹೇಳುತ್ತೇವೆ. ಆದರೆ ಅದು ತೂತಿನ ಬದಲಿಗಲ್ಲ. ಯುರೋಪಿನ ಇಎನ್ 50291 ಮಾನದಂಡದ ಅಲಾರಂ 300 ಪಿಪಿಎಂ ಇದ್ದರೆ 3 ನಿಮಿಷದೊಳಗೆ ಕೂಗುತ್ತದೆ. 50 ಪಿಪಿಎಂ ಇದ್ದರೆ 60ರಿಂದ 90 ನಿಮಿಷ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಸುಮ್ನೆ ಇರಬಹುದು. ಸೆನ್ಸರ್‌ಗೂ ವಯಸ್ಸಾಗುತ್ತದೆ, ಅಲಾರಂನ ಹಿಂಬದಿಯಲ್ಲಿ ಬರೆದ ಗಡುವು ನೋಡಿ ಬದಲಿಸಿ.

ಅಲಾರಂ ಕೂಗಿದರೆ, ಅಥವಾ ಮನೆಯಲ್ಲಿ ಒಬ್ಬರಿಗಿಂತ ಜಾಸ್ತಿ ಜನಕ್ಕೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಂತಿ ಬಂದಂತಾದರೆ, ಕಾರಣ ಹುಡುಕುತ್ತಾ ಒಳಗೆ ನಿಲ್ಲಬೇಡಿ. ಎಲ್ಲರೂ ಹೊರಗೆ ಬನ್ನಿ, ತುರ್ತು ಸೇವೆಗೆ ಫೋನ್ ಮಾಡಿ, ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿತು ಅಂತ ನೆಮ್ಮದಿ ಬೇಡ. ಆಮ್ಲಜನಕ ಹೊತ್ತ ರಕ್ತಕ್ಕೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಮಗೆ ಫೋನ್ ಮಾಡುವುದು ಇದೆಲ್ಲ ಆದ ಮೇಲೆ.

ಈಗಾಗಲೇ ಸರ್ವಿಸ್‌ಗೆ ದಿನ ಕೊಟ್ಟಿರುವವರ ದಿನ ಬದಲಾಗುವುದಿಲ್ಲ. ಕಳೆದ ಎರಡು ವರ್ಷದಲ್ಲಿ ನಾವು ಚಿಮಣಿ ಅಥವಾ ಎಕ್ಸಾಸ್ಟ್ ಫ್ಯಾನ್ ಹಾಕಿಕೊಟ್ಟ ಮನೆಗಳಲ್ಲಿ ಗ್ಯಾಸ್ ಗೀಸರ್ ಇದ್ದರೆ, ಅವರಿಗೆ ನಾವೇ ಫೋನ್ ಮಾಡಿ ಬರುತ್ತೇವೆ. ಆ ಪಟ್ಟಿ ತೆಗೆದಿಟ್ಟಿದ್ದೇವೆ. ನಿಮ್ಮ ಸರದಿ ಬರುವ ತನಕ ಗೀಸರ್ ಉರಿಯುವಾಗ ಚಿಮಣಿ ಹಾಕಬೇಡಿ, ಒಂದು ಕಿಟಕಿ ತೆರೆದಿಡಿ.

ಇಂತಿ ನಿಮ್ಮ,
ಕಾರ್ಯದರ್ಶಿ ಮತ್ತು ಎಲ್ಲ ಮೆಕ್ಯಾನಿಕ್‌ಗಳು

ತಾ.ಕ.: ಮೇಲೆ ಹೇಳಿದ ಮನೆಯವರನ್ನು ಕೇಳಿಯೇ ಇದನ್ನು ಬರೆದಿದ್ದೇವೆ. ಮೂವರೂ ಆರಾಮಾಗಿದ್ದಾರೆ. ಅವರ ಗೀಸರ್ ಈಗ ಹೊರಗಿನ ಗೋಡೆಯ ಮೇಲಿದೆ, ಸಾಗಿಸಿದ ಖರ್ಚು ಸಂಘದ್ದು.