ಆ 14 ಗೋಲ್ ಇನ್ನು ಯಾರು ಹೊಡೆಯಬೇಕು?

ದಾವಣಗೆರೆ
ಮೇ 2025

ಪ್ರೀತಿಯ ದೋಸ್ತ,

ನಿನ್ನ ಮೆಸೇಜ್ ಓದಿದೆ. "ಮುಂದಿನ ಸೀಸನ್ ಮೇಲೆ ಆಸೆ ಇಟ್ಕೋಬೇಡ, ಛೆಟ್ರಿಗೆ ವಯಸ್ಸಾಯ್ತು, ನಮ್ಮ ಬಿಎಫ್‌ಸಿ ಕಥೆ ಮುಗೀತು" ಅಂತ ನಮ್ಮ ಫುಟ್‌ಬಾಲ್ ಟೀಮ್ ಬೆಂಗಳೂರು ಎಫ್‌ಸಿ ಬಗ್ಗೆ, ಅದಕ್ಕೆ ಗೋಲ್ ಹೊಡೆಯುವ ಸುನಿಲ್ ಛೆಟ್ರಿ ಬಗ್ಗೆ ಬರೆದಿದ್ದೀಯ. ಅದಕ್ಕೆ ಫೋನಿನಲ್ಲಿ ಎರಡು ಸಾಲಿನ ಉತ್ತರ ಕೊಡೋಕೆ ಮನಸ್ಸಾಗಲಿಲ್ಲ. ಕೂತು ಬರೆಯುತ್ತಿದ್ದೇನೆ. ನಮ್ಮ ಜೊತೆ ಮ್ಯಾಚ್ ನೋಡುವ ಹುಡುಗರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಊರಿನಲ್ಲಿ ಈಗ ಆರ್‌ಸಿಬಿ ಬಿಟ್ಟು ಬೇರೆ ಮಾತೇ ಇಲ್ಲ. ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ, ಪಿಬಿ ರೋಡಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಿ ನಿಂತರೂ ಕ್ರಿಕೆಟ್. ಇದು ವಿನಯ್ ಕುಮಾರ್ ಊರು, ಹಾಗಿರೋದು ಸಹಜ. ನನಗೂ ಆರ್‌ಸಿಬಿ ಗೆಲ್ಲಲಿ ಅಂತಲೇ ಆಸೆ. ಆದರೆ ಏಪ್ರಿಲ್ 12ರ ರಾತ್ರಿ ಇನ್ನೂ ತಲೆಯಿಂದ ಹೋಗಿಲ್ಲ. ಅದರ ಬಗ್ಗೆ ಮಾತಾಡೋಕೆ ಇಲ್ಲಿ ಜನ ಕಡಿಮೆ. ಹಾಗಾಗಿ ನಿನ್ನ ಹತ್ತಿರವೇ ಹೇಳಬೇಕು.

ಕೋಲ್ಕತ್ತಾದ ಸಾಲ್ಟ್ ಲೇಕ್ ಸ್ಟೇಡಿಯಂನಲ್ಲಿ ಮೋಹನ್ ಬಗಾನ್ ಎದುರು ಇಂಡಿಯನ್ ಸೂಪರ್ ಲೀಗ್ ಫೈನಲ್. ಸೆಕೆಂಡ್ ಹಾಫ್ ಶುರುವಾದ ಕೂಡಲೇ ಅವರ ಡಿಫೆಂಡರ್ ಆಲ್ಬರ್ಟೋ ತಮ್ಮದೇ ಗೋಲಿಗೆ ಹೊಡೆದುಕೊಂಡರು, ನಾವು ಮುಂದೆ ಹೋದೆವು. ಆಮೇಲೆ ನಮ್ಮ ಡಿಫೆಂಡರ್ ಸನಾ ಕೈಗೆ ಚೆಂಡು ತಗುಲಿತು, ಅವರ ಕಮಿಂಗ್ಸ್ ಪೆನಾಲ್ಟಿ ಹೊಡೆದರು. ಎಕ್ಸ್‌ಟ್ರಾ ಟೈಮ್‌ನಲ್ಲಿ ಅವರದ್ದೇ ಮೆಕ್‌ಲಾರೆನ್ ಗೋಲ್. 2-1ಕ್ಕೆ ಸೋತೆವು. ನೀನು ಇದನ್ನು "ಹಣೆಬರಹ" ಅಂದೆ. 2023ರಲ್ಲಿ ಗೋವಾದಲ್ಲಿ ಅದೇ ಕೋಲ್ಕತ್ತಾ ಟೀಮ್ ಎದುರು ಪೆನಾಲ್ಟಿ ಶೂಟೌಟ್‌ನಲ್ಲಿ ಸೋತಿದ್ದೂ ಹಣೆಬರಹ ಅಂದಿದ್ದೆ. ನಾನು ಒಪ್ಪಲ್ಲ. ಫೈನಲ್ ಒಂದೇ ರಾತ್ರಿಯ ಆಟ, ಅಲ್ಲಿ ಏನು ಬೇಕಾದರೂ ಆಗುತ್ತೆ. ಲೀಗ್ ಪಟ್ಟಿ ಹಾಗಲ್ಲ, ಅದರಲ್ಲಿ ಅದೃಷ್ಟದ ಪಾಲು ಕಡಿಮೆ. ಪಟ್ಟಿ ತೆಗೆದು ನೋಡು. 24 ಪಂದ್ಯ ಮುಗಿದಾಗ ಮೋಹನ್ ಬಗಾನ್ 56 ಪಾಯಿಂಟ್. ನಾವು ಮೂರನೇ ಸ್ಥಾನ, ಆದರೆ 38 ಪಾಯಿಂಟ್. 18 ಪಾಯಿಂಟ್ ಅಂತರ ಅಂದರೆ ಆರು ಗೆಲುವು. ಆ ಆರು ಗೆಲುವು ಎಲ್ಲಿ ಹೋದವು ಅಂತ ಕೇಳಿದರೆ ಮುಂದಿನ ಸೀಸನ್ ಲೆಕ್ಕ ಸಿಗುತ್ತೆ.

ಶುರು ಎಷ್ಟು ಚೆನ್ನಾಗಿತ್ತು ನೆನಪಿದೆಯಾ? ಸೆಪ್ಟೆಂಬರ್‌ನಲ್ಲಿ ಇದೇ ಮೋಹನ್ ಬಗಾನ್‌ಗೆ ಕಂಠೀರವದಲ್ಲಿ 3-0 ಕೊಟ್ಟು ಕಳಿಸಿದೆವು. ಆರಂಭದ ಪಂದ್ಯಗಳಲ್ಲಿ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಗೋಲೇ ಬಿಟ್ಟುಕೊಡಲಿಲ್ಲ. ಡಿಸೆಂಬರ್ 7ಕ್ಕೆ ಕೇರಳ ಬ್ಲಾಸ್ಟರ್ಸ್ ಎದುರು ಛೆಟ್ರಿ ಹ್ಯಾಟ್ರಿಕ್, 4-2. ನಮ್ಮ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರ ಕೂಗು ಆವತ್ತು ಕಬ್ಬನ್ ಪಾರ್ಕ್ ದಾಟಿ ಕೇಳಿರಬೇಕು. ಜನವರಿ ಬಂತು, ಜಾರಿದೆವು. ಒಡಿಶಾ ಎದುರು ಮನೆಯಂಗಳದಲ್ಲಿ ಎರಡು ಗೋಲ್ ಮುಂದಿದ್ದು 3-2ಕ್ಕೆ ಸೋತೆವು. ಕೊನೆಗೆ ಪಟ್ಟಿಯ ತಳದಲ್ಲಿ ಉಳಿದ ಮೊಹಮ್ಮಡನ್ ಎದುರೂ ಕಂಠೀರವದಲ್ಲೇ ಸೋತೆವು, 88ನೇ ನಿಮಿಷದ ಒಂದು ಫ್ರೀ ಕಿಕ್‌ಗೆ. ಆ ಫ್ರೀ ಕಿಕ್ ನನ್ನನ್ನು ಫೈನಲ್‌ಗಿಂತ ಜಾಸ್ತಿ ಕಾಡುತ್ತೆ. ಪ್ರಶಸ್ತಿ ಗೆಲ್ಲುವ ಟೀಮ್ ಅಂಥ ಪಂದ್ಯವನ್ನು ಬಿಟ್ಟುಕೊಡಲ್ಲ. ಆಟ ಚೆನ್ನಾಗಿಲ್ಲದ ದಿನವೂ ಹೇಗೋ 1-0 ಮಾಡಿಕೊಂಡು ಹೋಗುತ್ತೆ. ಜನವರಿಯಲ್ಲಿ ಮೊದಲ ಹನ್ನೊಂದು ಜನಕ್ಕೆ ದಣಿವಾದಾಗ ಬೆಂಚಿನಿಂದ ಎದ್ದು ಬಂದು ಆಟ ಬದಲಿಸುವವರು ನಮ್ಮಲ್ಲಿ ಸಾಕಷ್ಟು ಇರಲಿಲ್ಲ. ಮೋಹನ್ ಬಗಾನ್ ಬೆಂಚು ನೋಡಿದರೆ ನಮಗೂ ಅವರಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತೆ. ಸಾಹಲ್, ಥಾಪಾ, ಕಮಿಂಗ್ಸ್ ಥರದವರನ್ನು ಕೂರಿಸಿ ಆಡಿಸುವ ಟೀಮ್ ಅದು.

ಈಗ ಛೆಟ್ರಿ ವಿಷಯ. ಆಗಸ್ಟ್ 3ಕ್ಕೆ ಅವರಿಗೆ 41 ತುಂಬುತ್ತೆ. ಈ ಸೀಸನ್‌ನಲ್ಲಿ 14 ಗೋಲ್ ಹೊಡೆದರು. ಇಡೀ ಲೀಗ್‌ನಲ್ಲಿ ಭಾರತದ ಆಟಗಾರರಲ್ಲಿ ಅವರದ್ದೇ ಜಾಸ್ತಿ. ಗೋವಾ ಎದುರಿನ ಸೆಮಿಫೈನಲ್ ಕೈತಪ್ಪಿ ಎಕ್ಸ್‌ಟ್ರಾ ಟೈಮ್‌ಗೆ ಹೋಗುತ್ತಿತ್ತು, ಕೊನೆ ಗಳಿಗೆಯಲ್ಲಿ ಬೆಂಚಿನಿಂದ ಬಂದು ತಲೆ ಕೊಟ್ಟು ಫೈನಲ್‌ಗೆ ಕರೆದುಕೊಂಡು ಹೋದವರೂ ಅವರೇ. ಆ ಹೆಡರ್ ನೋಡಿ ನಾನು ಕೂತಲ್ಲಿಂದ ಎದ್ದು ನಿಂತು ಕೂಗಿದೆ. ಪಕ್ಕದ ಮನೆಯವರು ಏನಾಯ್ತು ಅಂತ ಬಂದು ಕೇಳಿದರು. 2013ರಲ್ಲಿ ಕ್ಲಬ್ ಹುಟ್ಟಿದಾಗ ಬಂದವರು, ಮೊದಲ ವರ್ಷವೇ ಆಗ ದೇಶದ ಮೊದಲ ದರ್ಜೆ ಲೀಗ್ ಆಗಿದ್ದ ಐ-ಲೀಗ್ ಗೆದ್ದುಕೊಟ್ಟವರು. ನನಗೆ ಆ ಮನುಷ್ಯನ ಮೇಲೆ ಇರುವ ಪ್ರೀತಿ ನಿನಗೆ ಗೊತ್ತು.

ಆದರೂ 41ರ ಆಟಗಾರನ ಮೇಲೆ ಇನ್ನೊಂದು ವರ್ಷದ ಗೋಲುಗಳ ಭಾರ ಹಾಕೋದು ಸರಿಯಲ್ಲ. ಚನ್ನಗಿರಿ ಕಡೆ ಒಂದೇ ಬೋರ್ ನಂಬಿಕೊಂಡು ಅಡಿಕೆ ತೋಟ ಮಾಡಿದ ಹಾಗಾಗುತ್ತೆ ಅದು. ನೀರು ಬರುವವರೆಗೂ ಎಲ್ಲ ಹಸಿರು. ಮುಂದಿನ ಸೀಸನ್ ಬಗ್ಗೆ ನನಗಿರುವ ಪ್ರಶ್ನೆ ಇದೊಂದೇ: ಆ 14 ಗೋಲ್‌ಗಳನ್ನು ಹಂಚಿಕೊಳ್ಳುವವರು ಯಾರು?

ನೀನು ಹೇಳುತ್ತೀಯ, ಒಬ್ಬ ಒಳ್ಳೆ ವಿದೇಶಿ ಸ್ಟ್ರೈಕರ್ ತಂದರೆ ಮುಗೀತು ಅಂತ. ತರಲಿ, ಬೇಡ ಅನ್ನಲ್ಲ. ಆದರೆ ಮೈದಾನದಲ್ಲಿ ಒಂದು ಸಲಕ್ಕೆ ನಾಲ್ಕೇ ಜನ ವಿದೇಶಿಯರು ಇರಬಹುದು. ಉಳಿದ ಏಳು ಜನ ನಮ್ಮವರೇ. ಈ ಲೀಗ್ ಗೆಲ್ಲೋದು ಆ ಏಳು ಜನರಿಂದ. ಬಗಾನ್‌ನಲ್ಲಿ ವಿಶಾಲ್ ಕೈತ್, ಸುಭಾಷಿಷ್, ಅಪುಯಾ, ಲಿಸ್ಟನ್, ಮನ್‌ವೀರ್ ಇದ್ದಾರೆ. ಅವರಿಲ್ಲದೆ ಮೆಕ್‌ಲಾರೆನ್ ಒಬ್ಬರೇ ಏನು ಮಾಡುತ್ತಿದ್ದರು? ಇನ್ನೊಂದು ವಿಷಯ. ಬಹುತೇಕ ಕ್ಲಬ್‌ಗಳು ಸ್ಟ್ರೈಕರ್ ಜಾಗಕ್ಕೆ ಹೊರಗಿನವರನ್ನೇ ತರುತ್ತವೆ. ನಮ್ಮ ಹುಡುಗರು ಸ್ಟ್ರೈಕರ್ ಆಗಿ ಬಂದರೂ ವಿಂಗ್‌ಗೆ ತಳ್ಳುತ್ತಾರೆ, ಇಲ್ಲ ಬೆಂಚಿಗೆ ಕಳಿಸುತ್ತಾರೆ. ಅದಕ್ಕೇ ದೇಶದ ಟೀಮ್‌ಗೂ ಗೋಲ್ ಹೊಡೆಯುವವರು ಸಿಗದೆ, ನಿವೃತ್ತಿ ಹೇಳಿದ್ದ ಛೆಟ್ರಿಯನ್ನು ಮಾರ್ಚ್‌ನಲ್ಲಿ ವಾಪಸ್ ಕರೆಸಬೇಕಾಯಿತು. ಬಂದವರು ಮಾಲ್ಡೀವ್ಸ್ ಎದುರು ಗೋಲೂ ಹೊಡೆದರು. ಖುಷಿಯಾಯಿತು. ಬೇಸರವೂ ಆಯಿತು.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ನಮ್ಮ ಕ್ಲಬ್ ಇದನ್ನು ಒಮ್ಮೆ ಮಾಡಿ ತೋರಿಸಿದೆ. 2022-23 ನೆನಪು ಮಾಡಿಕೋ. ಗ್ರೇಸನ್ ಕೋಚ್ ಆಗಿದ್ದಾಗ ಛೆಟ್ರಿಯನ್ನು ಬೆಂಚಿನಲ್ಲಿ ಕೂರಿಸಿದರು. ಎಷ್ಟು ಜಗಳ ಆಡಿದ್ದೆವು ನಾವು ಅದರ ಮೇಲೆ! ಮುಂದೆ ರಾಯ್ ಕೃಷ್ಣ ಜೊತೆ ಶಿವಶಕ್ತಿ ಅನ್ನೋ ಹುಡುಗ ಆಡಿದ. ಆ ವರ್ಷದ ಉದಯೋನ್ಮುಖ ಆಟಗಾರ ಪ್ರಶಸ್ತಿ ಅವನಿಗೇ ಬಂತು. ಟೀಮ್ ಸಾಲು ಸಾಲಾಗಿ ಗೆದ್ದು ಫೈನಲ್‌ವರೆಗೂ ಹೋಯಿತು. ಛೆಟ್ರಿ ಕಡೆ ಗಳಿಗೆಯಲ್ಲಿ ಬಂದು ಬೇಕಾದ ಕೆಲಸ ಮಾಡುತ್ತಿದ್ದರು. ಗೋಲ್ ಒಪ್ಪದೆ ಕೇರಳ ಬ್ಲಾಸ್ಟರ್ಸ್‌ನವರು ಮೈದಾನ ಬಿಟ್ಟು ಹೋದ ಆ ಫ್ರೀ ಕಿಕ್ ಕೂಡ ಬೆಂಚಿನಿಂದ ಬಂದು ಹೊಡೆದದ್ದೇ ಅಲ್ವಾ? ಮುಂದಿನ ಸೀಸನ್‌ಗೆ ಅದೇ ಏರ್ಪಾಡು ಬೇಕು. ಛೆಟ್ರಿ ಕೊನೆ ಅರ್ಧ ಗಂಟೆಗೆ. ಮೊದಲ ಒಂದು ಗಂಟೆ ಹೊಸ ಕಾಲುಗಳಿಗೆ.

ಮುಂಬೈ ಎದುರಿನ ಪ್ಲೇಆಫ್ ಪಂದ್ಯ ನನಗೆ ಅದಕ್ಕೇ ಇಷ್ಟ. 5-0. ಸುರೇಶ್, ಎಡ್ಗರ್, ವಿಲಿಯಮ್ಸ್, ಛೆಟ್ರಿ, ಪೆರೇರಾ ಡಿಯಾಜ್. ಐದು ಗೋಲ್, ಐದು ಜನ. ಯಾರೋ ಒಬ್ಬರ ಮುಖ ನೋಡಿಕೊಂಡು ಕೂರದೆ ಆಡಿದರೆ ಈ ಟೀಮ್ ಹೇಗೆ ಆಡಬಲ್ಲದು ಅಂತ ಆವತ್ತು ಕಂಡಿತು. ಅದರಲ್ಲೂ ಸುರೇಶ್. ಮಿಡ್‌ಫೀಲ್ಡ್‌ನಲ್ಲಿ ಅವನು ಓಡುವ ಓಟ ನೋಡಿದರೆ ನನಗೆ ಹೊಟ್ಟೆ ತುಂಬುತ್ತೆ. ಅವನೂ ರೋಷನ್ನೂ ಇನ್ನೂ ಚಿಕ್ಕವರು, ಇನ್ನೂ ಬೆಳೆಯುತ್ತಾರೆ. ಸೀಸನ್‌ನ ಮೊದಲ ಪಂದ್ಯದಲ್ಲಿ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲ್ ಹೊಡೆದ ವಿನೀತ್ ವೆಂಕಟೇಶ್‌ಗೆ ಆಗ 19 ವರ್ಷ. ಆ ಹುಡುಗನಿಗೆ ಪೂರ್ತಿ ಪಂದ್ಯಗಳು ಸಿಗಬೇಕು. ಕೊನೆ ಹತ್ತು ನಿಮಿಷಕ್ಕೆ ಸುಮ್ನೆ ಇಳಿಸಿದರೆ ಯಾರೂ ಬೆಳೆಯಲ್ಲ.

ಕೋಚ್ ಬಗ್ಗೆ ನಿನಗೆ ಅನುಮಾನ ಇದೆ. ನನಗಿಲ್ಲ. 2023-24ರಲ್ಲಿ ನಾವು ಹತ್ತನೇ ಸ್ಥಾನದಲ್ಲಿದ್ದೆವು, ಮರೆತುಬಿಟ್ಟೆಯಾ? ಅಲ್ಲಿಂದ ಒಂದೇ ವರ್ಷದಲ್ಲಿ ಫೈನಲ್. ಜರಗೋಜಾ ಮಾಡಿದ್ದು ಸಣ್ಣ ಕೆಲಸವಲ್ಲ. ಸೂಪರ್ ಕಪ್‌ನಲ್ಲಿ ಇಂಟರ್ ಕಾಶಿ ಎದುರು ಪೆನಾಲ್ಟಿಯಲ್ಲಿ ಹೊರಬಿದ್ದದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ. ಫೈನಲ್ ಸೋತು ಎರಡು ವಾರವೂ ಆಗದ ಟೀಮ್ ಅದು.

ನನಗೆ ನಿಜವಾದ ಭಯ ಇರೋದು ಮೈದಾನದ ಹೊರಗೆ. ಫುಟ್‌ಬಾಲ್ ಫೆಡರೇಶನ್‌ಗೂ ಲೀಗ್ ನಡೆಸುವ ಕಂಪನಿಗೂ 2010ರಲ್ಲಿ ಆದ 15 ವರ್ಷದ ಒಪ್ಪಂದ ಈ ಡಿಸೆಂಬರ್ 8ಕ್ಕೆ ಮುಗಿಯುತ್ತೆ. ಅಂದರೆ ಸೀಸನ್ ಅರ್ಧ ಓಡುತ್ತಿರುವಾಗ. ಫೆಡರೇಶನ್ ಸಂವಿಧಾನದ ಕೇಸು ಸುಪ್ರೀಂ ಕೋರ್ಟ್‌ನಲ್ಲಿದೆ. ಅದು ಮುಗಿಯದೆ ಹೊಸ ಒಪ್ಪಂದದ ಮಾತು ಮುಂದೆ ಹೋಗಲ್ಲ. ಲೀಗ್ ಹೇಗೆ ನಡೆಯುತ್ತೆ ಅಂತಲೇ ಗೊತ್ತಿಲ್ಲದಿದ್ದರೆ ಯಾವ ಕ್ಲಬ್ ಧೈರ್ಯವಾಗಿ ಮೂರು ವರ್ಷದ ಕಾಂಟ್ರ್ಯಾಕ್ಟ್ ಕೊಡುತ್ತೆ? ಒಳ್ಳೆ ಆಟಗಾರ ಯಾಕೆ ಬರುತ್ತಾನೆ? ನಾವಿಬ್ಬರೂ ಸ್ಟ್ರೈಕರ್ ಯಾರು, ಲೆಫ್ಟ್ ಬ್ಯಾಕ್ ಯಾರು ಅಂತ ರಾತ್ರಿಯೆಲ್ಲ ವಾದ ಮಾಡಬಹುದು. ಆಡುವುದಕ್ಕೆ ಲೀಗ್ ಇರಬೇಕಲ್ಲ. ಈ ಸಲ ಅಭಿಮಾನಿಗಳು ಮೊದಲು ಕೇಳಬೇಕಾದದ್ದು ಇದನ್ನೇ. ವೆಸ್ಟ್ ಬ್ಲಾಕ್‌ನವರು ದನಿ ಎತ್ತಿದರೆ ನೀನೂ ಅವರ ಜೊತೆ ನಿಲ್ಲು. ನೀನು ಅಲ್ಲೇ ಬೆಂಗಳೂರಿನಲ್ಲಿ ಇರೋನು.

ಇಲ್ಲಿಯ ಒಂದು ಸುದ್ದಿ ಹೇಳಬೇಕು. ಹೈಸ್ಕೂಲ್ ಮೈದಾನದ ಒಂದು ಮೂಲೆಯಲ್ಲಿ ಸಂಜೆ ಹುಡುಗರು ಫುಟ್‌ಬಾಲ್ ಆಡುತ್ತಾರೆ. ಸುತ್ತ ನಾಲ್ಕು ಕಡೆ ಟೆನ್ನಿಸ್ ಬಾಲ್ ಕ್ರಿಕೆಟ್, ನಡುವೆ ಸಿಕ್ಕ ಜಾಗದಲ್ಲಿ ಇವರು. ಕಲ್ಲಿಟ್ಟು ಗೋಲ್ ಪೋಸ್ಟ್ ಮಾಡಿಕೊಂಡಿದ್ದಾರೆ. ನಮ್ಮ ಅಕ್ಕನ ಮಗ ಅವರಲ್ಲೊಬ್ಬ. ಛೆಟ್ರಿ ಹ್ಯಾಟ್ರಿಕ್ ಆದ ಮೇಲೆ ಎಲ್ಲರಿಗೂ ಅವರ 11ನೇ ನಂಬರ್ ಜೆರ್ಸಿಯೇ ಬೇಕು. ಚೆನ್ನಾಗಿ ಆಡುವ ಹುಡುಗರಿದ್ದಾರೆ ದೋಸ್ತ, ಅವರಿಗೆ ಕಲಿಸುವವರಿಲ್ಲ. ಬೆಂಗಳೂರಿನಲ್ಲಿ ಆಸ್ಟಿನ್ ಟೌನ್, ಗೌತಮಪುರದಲ್ಲಿ ಹುಟ್ಟಿದ ಹುಡುಗನಿಗೆ ಓಣಿಯಲ್ಲೇ ಫುಟ್‌ಬಾಲ್ ಸಿಗುತ್ತೆ. ಇಲ್ಲಿ ಹುಟ್ಟಿದವನು 260 ಕಿಲೋಮೀಟರ್ ಹೋಗಬೇಕು. ಕ್ಲಬ್‌ನವರು ವರ್ಷಕ್ಕೊಂದು ಸಲ ದಾವಣಗೆರೆ, ಚಿತ್ರದುರ್ಗದ ಕಡೆ ಬಂದು ಆಯ್ಕೆ ಶಿಬಿರ ಮಾಡಿದರೆ ಸಾಕು. ಒಂಬತ್ತನೇ ನಂಬರ್ ಸ್ಟ್ರೈಕರ್ ಎಲ್ಲಿ ಸಿಗುತ್ತಾನೆ ಅಂತ ಎಲ್ಲೆಲ್ಲೋ ಹುಡುಕುವವರು ಇಲ್ಲೂ ಒಮ್ಮೆ ನೋಡಲಿ.

ನನ್ನ ಅಂದಾಜು ಕೇಳಿದೆಯಲ್ಲ. ಲೀಗ್ ಸರಿಯಾಗಿ ನಡೆದು, ಈಗಿನ ಟೀಮಿನ ಅರ್ಧಕ್ಕಿಂತ ಹೆಚ್ಚು ಜನ ಉಳಿದರೆ ಮೊದಲ ನಾಲ್ಕರಲ್ಲಿ ನಾವಿರುತ್ತೇವೆ. ಬೆಂಚು ಗಟ್ಟಿಯಾದರೆ ಎರಡನೇ ಸ್ಥಾನ. ಲೀಗ್ ಪಟ್ಟಿಯಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡ್ ಗೆಲ್ಲಬೇಕು ಅಂದರೆ ಹೊಸ ಸ್ಟ್ರೈಕರ್ ಜೊತೆಗೆ ಭಾರತದ ಹುಡುಗನೊಬ್ಬ ಎಂಟೋ ಹತ್ತೋ ಗೋಲ್ ಹೊಡೆಯಬೇಕು. ಅದು ಆಗುತ್ತೆ ಅಂತ ನನಗೆ ಮನಸ್ಸಿನಿಂದ ನಂಬಿಕೆ ಇದೆ.

ಮೊದಲ ಹೋಮ್ ಮ್ಯಾಚ್ ತಾರೀಖು ಬಂದ ಕೂಡಲೇ ತಿಳಿಸು. ಅಕ್ಕನ ಮಗನನ್ನೂ ಕರೆದುಕೊಂಡು ಬರುತ್ತೇನೆ, ವೆಸ್ಟ್ ಬ್ಲಾಕ್‌ನಲ್ಲೇ ಮೂರು ಟಿಕೆಟ್ ತೆಗೆಸು. ಏಳೂವರೆ ಮ್ಯಾಚ್ ಆದರೆ ಮುಗಿಸಿಕೊಂಡು ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ ಹಿಡಿಯುತ್ತೇವೆ, ಬೆಳಗಾಗುವ ಹೊತ್ತಿಗೆ ಊರು. ಅಮ್ಮ ನಿನ್ನನ್ನು ಕೇಳಿದಳು ಅಂತ ಹೇಳೋಕೆ ಹೇಳಿದ್ದಾಳೆ. ಮತ್ತೆ, ನಿನ್ನ ಹನ್ನೊಂದು ಜನರ ಪಟ್ಟಿ ಬರೆದು ಕಳಿಸು. ಛೆಟ್ರಿಯನ್ನು ಬಿಟ್ಟು ಮಾಡು, ಮುಂದೆ ಯಾರನ್ನು ಹಾಕುತ್ತೀಯ ಅಂತ ನೋಡಬೇಕು.

ನಿನ್ನ ಗೆಳೆಯ