ಕೂವೆ ಹುಡಿಯ ನೆವದಲ್ಲಿ ಮಗಳಿಗೊಂದು ಪತ್ರ

ಬದಿಯಡ್ಕ
ಫೆಬ್ರವರಿ 9

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಅಮ್ಮನೊಡನೆ ನೀನು ವಾರಕ್ಕೆರಡು ಸಲ ಮಾತನಾಡುವುದರಿಂದ ಮನೆಯ ಸುದ್ದಿಯೆಲ್ಲ ನಿನಗೆ ತಿಳಿದೇ ಇರುತ್ತದೆ. ಫೋನು ನನ್ನ ಕೈಗೆ ಬಂದಾಗ ಮಾತ್ರ ನಮ್ಮ ಮಾತು "ಊಟ ಆಯಿತೇ" ಎಂಬಲ್ಲಿಗೆ ಮುಗಿಯುತ್ತದೆ. ನವೆಂಬರಿನಲ್ಲಿ ನಾವು ಜಪಾನಿನಿಂದ ಮರಳಿದ ಮೇಲೆ ಹೀಗೆಯೇ ನಡೆದುಬಂದಿದೆ. ಮುಂದಿನ ವರ್ಷ ಅಮ್ಮನೊಬ್ಬಳನ್ನೇ ಕರೆಸಿಕೊಳ್ಳುತ್ತೇನೆಂದು ನೀನು ಹೇಳಿದ್ದನ್ನು ಅವಳು ಮೊನ್ನೆ ಬಹಳ ಹಿಂಜರಿಯುತ್ತ ನನಗೆ ತಿಳಿಸಿದಳು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಬಂದು, ತೋಟಕ್ಕೆ ಒಂದು ಸುತ್ತು ಹಾಕುವಷ್ಟರಲ್ಲಿ ಇಳಿಯಿತು.

ಈ ಪತ್ರಕ್ಕೆ ಕಾರಣ ಅದಲ್ಲ. ನಿನ್ನ ಸಹೋದ್ಯೋಗಿಯ ಕೈಯಲ್ಲಿ ನೀನು ಕಳುಹಿಸಿದ ಪೊಟ್ಟಣದಲ್ಲಿ ಸೀಮೆಸುಣ್ಣದ ಚೂರುಗಳಂತಹ ಬಿಳಿಯ ಹೆಂಟೆಗಳಿದ್ದುವಲ್ಲ, ಅದನ್ನು ಅಮ್ಮ ಹುಡಿ ಮಾಡಿ, ತೆಂಗಿನಹಾಲು ಬೆಲ್ಲ ಹಾಕಿ ಕಾಯಿಸಿ, ತಟ್ಟೆಗೆ ಹೊಯ್ದು ಮಣ್ಣಿ ಮಾಡಿದಳು. ನಾನು ಮೂರು ತುಂಡು ತಿಂದೆ. ಈ ವರ್ಷದ ಕೂವೆ ಬಹಳ ಶುಭ್ರವಾಗಿದೆ, ಯಾರ ಮನೆಯದು ಎಂದೂ ಕೇಳಿದೆ. ನಾನು ಕೈ ತೊಳೆದು ಬರುವ ತನಕ ಕಾದು ಆಮೇಲೆ ಅವಳು ಹೇಳಿದಳು: ಇದು ಕೂವೆಯಲ್ಲ, ಜಪಾನಿನ ಯೋಶಿನೋ ಎಂಬ ಬೆಟ್ಟದ ಸೀಮೆಯ ಕುಜು ಎಂಬ ಬಳ್ಳಿಯ ಬೇರಿನ ಹಿಟ್ಟು, ಅಂದು ಆ ದೇವಾಲಯದಲ್ಲಿ ನೀವು ದೂಡಿದ ಬಟ್ಟಲಿನಲ್ಲಿದ್ದುದು ಇದೇ ಹಿಟ್ಟನ್ನು ಎಳ್ಳಿನೊಂದಿಗೆ ಕಾಯಿಸಿ ಮಾಡಿದ್ದು.

ಅಂದು ಕ್ಯೋಟೋದಲ್ಲಿ ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಆದರೆ ಆ ಬಟ್ಟಲು ಮಾತ್ರ ಕಣ್ಣ ಮುಂದಿನಿಂದ ಹೋಗುವುದಿಲ್ಲ. ಕೆಂಪು ಅರಗಿನ ಬಟ್ಟಲು, ಅದರಲ್ಲಿ ಬೂದುಬಣ್ಣದ ಒಂದು ಚೌಕ, ನಾನು ದೂಡಿದಾಗ ಅದು ನಡುಗಿದ್ದು, ಪಕ್ಕದಲ್ಲಿ ನಾನು ತೆರೆದಿಟ್ಟ ಅವಲಕ್ಕಿಯ ಸ್ಟೀಲಿನ ಡಬ್ಬ. ಬಡಿಸುವಾಕೆ ತನ್ನಿಂದಲೇ ಏನೋ ತಪ್ಪಾಯಿತೆಂದು ತಲೆ ಬಾಗಿಸಿದರು. ಅವರಿಗಿಂತಲೂ ತಗ್ಗಿ ನೀನು ಬಾಗಿದೆ. ನೀನು ಅವರಲ್ಲಿ ಏನು ಹೇಳಿದೆಯೋ ನನಗೆ ತಿಳಿಯದು. ನನ್ನ ಮಗಳು ನನ್ನ ದೆಸೆಯಿಂದ ಅಪರಿಚಿತರೆದುರು ಅಷ್ಟು ತಗ್ಗಬೇಕಾಯಿತು ಎಂಬುದಷ್ಟು ತಿಳಿಯಿತು, ಮತ್ತು ಅದು ತಿಳಿದ ಮೇಲೆಯೂ ನಾನು ಅವಲಕ್ಕಿಯನ್ನು ತಿನ್ನುತ್ತಲೇ ಇದ್ದೆ.

ಒಸಾಕದ ರೈಲು ನಿಲ್ದಾಣದ ಉದೋನ್, ಸಾರಿನಲ್ಲಿ ಹಾಕಿ ಕೊಡುವ ಆ ದಪ್ಪ ಶಾವಿಗೆ, ನನ್ನ ಮನಸ್ಸನ್ನು ಕೆಡಿಸಿತ್ತು. ಎರಡು ತುತ್ತು ತಿಂದಾಗಿತ್ತು, ಅಷ್ಟರಲ್ಲಿ ಅದರ ಸಾರು ಹೊಗೆಯಲ್ಲಿ ಒಣಗಿಸಿದ ಮೀನಿನ ತುರಿಯದ್ದು ಎಂದು ನಿನಗೆ ತಿಳಿದು, ನೀನೇ ನನ್ನ ಕೈ ಹಿಡಿದು ನಿಲ್ಲಿಸಿದೆ. ನೀನು ಸುಮ್ಮನಿದ್ದಿದ್ದರೆ ನನಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ. ನಿಜ ಹೇಳಿದ ತಪ್ಪಿಗೆ ನೀನು ಎರಡು ದಿನ ನನ್ನ ಮುಖ ನೋಡಬೇಕಾಯಿತು. ಆ ಬಳಿಕ ನೀನು ಮೊದಲೇ ಕಾದಿರಿಸಿ ನಮ್ಮನ್ನು ಕರೆದೊಯ್ದದ್ದು ಕ್ಯೋಟೋದ ಅರಾಶಿಯಾಮದ ತೆನ್‌ರ್ಯೂಜಿಗೆ, 1339ರಲ್ಲಿ ಸ್ಥಾಪನೆಯಾದ ಜೆನ್ ಬೌದ್ಧರ ದೇವಾಲಯಕ್ಕೆ. ಅಲ್ಲಿಯ ಶೋಜಿನ್ ಅಡುಗೆಯಲ್ಲಿ ಮೀನು ಮಾಂಸ ಮಾತ್ರವಲ್ಲ, ನೀರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲವೆಂದೂ, ಸಾರಿನ ರುಚಿ ಕೊಂಬು ಎಂಬ ಕಡಲ ಪಾಚಿಯಿಂದಲೂ ಒಣಗಿಸಿದ ಅಣಬೆಯಿಂದಲೂ ಬರುವುದೆಂದೂ ಈಗ ಓದಿ ತಿಳಿದುಕೊಂಡೆ. ನಮ್ಮ ಮನೆಯ ದಿನನಿತ್ಯದ ಅಡುಗೆಗಿಂತ ಅದೇ ಕಟ್ಟುನಿಟ್ಟು. (ಅಣಬೆಯ ವಿಷಯದಲ್ಲಿ ನಿನ್ನ ಅಜ್ಜಿ ತಕರಾರು ತೆಗೆಯುತ್ತಿದ್ದರು, ಆ ಮಾತು ಬೇರೆ.)

ನಿನಗೆ ನೆನಪಿರಲು ಸಾಧ್ಯವಿಲ್ಲದ ಒಂದು ಸಂಗತಿ ಹೇಳುತ್ತೇನೆ. ನಿನಗೆ ಹತ್ತು ತಿಂಗಳಾಗಿದ್ದಾಗ, ಆಟಿ ತಿಂಗಳ ಮಳೆಯಲ್ಲಿ, ಹೊಟ್ಟೆ ಕೆಟ್ಟು ಹಾಲೂ ನಿಲ್ಲದಂತಾಯಿತು. ತೋಡು ತುಂಬಿ ಸಂಕ ಮುಳುಗಿತ್ತು. ಔಷಧ ತರಲು ಹೋದವನು ಆಚೆ ದಡದಲ್ಲಿ ಇರುಳೆಲ್ಲ ಕುಳಿತಿದ್ದೆ. ಬೆಳಗ್ಗೆ ನೀರು ಇಳಿದು ಮನೆಗೆ ಬಂದಾಗ ನೀನು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದೆ. ಕೂವೆಯ ಗಂಜಿಯನ್ನು ಅವರು ಬೆರಳ ತುದಿಯಿಂದ ಇರುಳಿಡೀ ನಿನ್ನ ನಾಲಗೆಗೆ ಹಚ್ಚುತ್ತ ಕುಳಿತಿದ್ದರು. ಆ ಹುಡಿ ಅವರೇ ಹಿಂದಿನ ಮಕರ ಮಾಸದಲ್ಲಿ ಮಾಡಿಟ್ಟದ್ದು: ಎಲೆ ಒಣಗಿದ ಮೇಲೆ ಗೆಡ್ಡೆ ಅಗೆದು, ತುರಿದು, ಬೈರಾಸಿನಲ್ಲಿ ಸೋಸಿ, ಅಡಿಯಲ್ಲಿ ಹಿಟ್ಟು ಕೂತ ಮೇಲೆ ಮೇಲಿನ ನೀರನ್ನು ಚೆಲ್ಲಿ, ಪುನಃ ನೀರು ಹೊಯ್ದು ಕಲಕಿ, ಕಹಿ ಹೋಗುವ ತನಕ ದಿನವೂ ಅದೇ ಕೆಲಸ. ಯೋಶಿನೋದಲ್ಲಿಯೂ ಚಳಿಗಾಲದ ತಣ್ಣೀರಿನಲ್ಲಿ ಬೇರಿನ ಹಿಟ್ಟನ್ನು ಹೀಗೆಯೇ ಮತ್ತೆ ಮತ್ತೆ ತೊಳೆಯುತ್ತಾರಂತೆ. ಬಳ್ಳಿ ಬೇರೆ, ಗೆಡ್ಡೆ ಬೇರೆ, ಕೆಲಸ ಒಂದೇ. ನಿನ್ನನ್ನು ಉಳಿಸಿಕೊಟ್ಟ ಅನ್ನದ ನೆಂಟನನ್ನು ನಾನು ಬೆರಳಿನಿಂದ ದೂಡಿದೆ ಎಂದು ಯೋಚಿಸುವಾಗ ಆ ತೋಡಿನ ದಡವೇ ಕಣ್ಣ ಮುಂದೆ ಬರುತ್ತದೆ. ಎರಡಕ್ಕೂ ಸಂಬಂಧವಿಲ್ಲವೆಂದು ಅಮ್ಮ ಹೇಳುತ್ತಾಳೆ. ಇದ್ದಂತೆ ನನಗೆ ಕಾಣುತ್ತದೆ.

ನನ್ನ ಹಟಕ್ಕೆ ಸಮರ್ಥನೆಯಿಲ್ಲ, ಹಿನ್ನೆಲೆಯಿದೆ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೆ ಬೆಳೆದವರು ನಾವು. ಫಲಕದಲ್ಲಿ ಕನ್ನಡವಿದೆಯೇ, ಅರ್ಜಿಯಲ್ಲಿ ಕನ್ನಡವಿದೆಯೇ ಎಂದು ಹುಡುಕುವುದರಲ್ಲಿಯೇ ಕಣ್ಣು ಸವೆದಿದೆ. ಬಿಟ್ಟರೆ ಹೋಯಿತು ಎಂಬ ಭಯ ಭಾಷೆಯಿಂದ ಬಟ್ಟಲಿಗೆ ಯಾವಾಗ ಇಳಿಯಿತೋ ತಿಳಿಯಲಿಲ್ಲ. ಹಾಗೆಂದು ಶಾಲೆಯಲ್ಲಿ ಮಲಯಾಳಂ ಮೇಷ್ಟ್ರ ಬುತ್ತಿಯ ಪುಟ್ಟು-ಕಡಲೆಯನ್ನು ಮೂವತ್ತು ವರ್ಷ ತಿಂದವನೂ ನಾನೇ. ಕಾಸರಗೋಡಿನಲ್ಲಿ ಇಲ್ಲದ ಮಡಿ ಕ್ಯೋಟೋದಲ್ಲಿ ಎಲ್ಲಿಂದ ಬಂತು ಎಂದು ನೀನು ಕೇಳಬಹುದು. ಕೇಳು.

ಆದರೂ ಒಂದು ಮಾತು. ಇರುಳು ಹತ್ತಕ್ಕೆ ಅಂಗಡಿಯ ತಣ್ಣನೆಯ ಅನ್ನದುಂಡೆಯನ್ನು ಊಟವೆಂದು ಕರೆಯಬೇಡ. ಒಂದು ಹಿಡಿ ಅಕ್ಕಿ ಬೇಯಲು ಅರ್ಧ ಗಂಟೆ ಸಾಕು. ಉಪ್ಪುಸೊಳೆ, ಹಲಸಿನ ಹಪ್ಪಳ, ಮಾಂಬಳ ಕಟ್ಟಿಕೊಟ್ಟದ್ದು ಕಪಾಟಿನಲ್ಲಿ ಇಡಲಿಕ್ಕಲ್ಲ. ನಿಂತು ತಿನ್ನಬೇಡ, ಪರದೆ ನೋಡುತ್ತ ತಿನ್ನಬೇಡ, ಮಜ್ಜಿಗೆಯನ್ನು ಮರೆಯಬೇಡ. ಉಪದೇಶ ಮಾಡುವುದಿಲ್ಲವೆಂದು ಅಮ್ಮನಿಗೆ ಮಾತು ಕೊಟ್ಟು ಕುಳಿತಿದ್ದೆ. ಈ ಪುಟವನ್ನು ಅವಳಿಗೆ ತೋರಿಸುವುದಿಲ್ಲ.

ನೀನು ಮೀನು ತಿನ್ನುತ್ತೀಯೋ ಎಂದು ನಾನು ಕೇಳುವುದಿಲ್ಲ. ಹೀಗೆ ಬರೆದದ್ದೇ ಕೇಳಿದಂತಾಯಿತು, ಉತ್ತರ ಬರೆಯಬೇಕೆಂದಿಲ್ಲ. ಅಂಗಡಿಯಲ್ಲಿ ಪ್ರತಿ ಪೊಟ್ಟಣದ ಹಿಂಬದಿಯನ್ನು ತಿರುಗಿಸಿ, ಆ ಚಿತ್ರದಂತಹ ಅಕ್ಷರಗಳಲ್ಲಿ ಮೀನು ಎಲ್ಲಿ ಅಡಗಿದೆಯೆಂದು ನನಗೋಸ್ಕರ ನೀನು ಓದುತ್ತಿದ್ದಾಗ, ನಮ್ಮ ಕನ್ನಡ ಶಾಲೆಯ ಒಂದನೆಯ ತರಗತಿಯಲ್ಲಿ ನಾನೇ ಕೈ ಹಿಡಿದು ತಿದ್ದಿಸಿದ ಹುಡುಗಿ ಇವಳೇ ಎಂದು ಹೆಮ್ಮೆ ಉಕ್ಕಿತ್ತು. ಅದನ್ನು ಅಲ್ಲಿಯೇ ಹೇಳಬೇಕಿತ್ತು. ಅದರ ಬದಲು ಬೆಲೆ ಹೆಚ್ಚಾಯಿತೆಂದು ಹೇಳಿದೆ.

ನೆರೆಮನೆಯವರು ಕೊಟ್ಟ ಕೂವೆಯ ಗೆಡ್ಡೆಯನ್ನು ಈ ಸಲ ನಾನೇ ತುರಿದಿದ್ದೇನೆ. ಬಾಲ್ದಿಯಲ್ಲಿ ಇಂದು ಮೂರನೆಯ ನೀರು. ಅಮ್ಮ ನಮ್ಮ ಎಳ್ಳು ಹಾಕಿ ಆ ಬೂದುಬಣ್ಣದ ಚೌಕವನ್ನು ಮಾಡಿ ನೋಡಿದಳು, ಗಟ್ಟಿಯಾಗದೆ ಪಾಯಸದಂತಾಯಿತು. ಹಿಟ್ಟಿಗೆ ಎಷ್ಟು ಪಾಲು ನೀರು, ಎಷ್ಟು ಹೊತ್ತು ಕಲಕಬೇಕು, ಇವೆರಡನ್ನು ನನ್ನ ಹೆಸರಿಗೇ ಬರೆದು ಕಳುಹಿಸು.

ಇತಿ,
ನಿನ್ನ ಅಪ್ಪ