7 ಮತ್ತು 11: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಅರ್ಧ ಕಾರಣ ನನ್ನ ಸೋಮಾರಿತನ. ಇನ್ನರ್ಧ ಏನೆಂದು ಕೊನೆಗೆ ಹೇಳುತ್ತೇನೆ, ಅದರಲ್ಲಿ ನಿನ್ನಿಂದ ಒಂದು ಕೆಲಸವೂ ಆಗಬೇಕಿದೆ.

ಬೇರೆ ಬೇರೆ ವಿಭಾಗದವರು ಒಟ್ಟಿಗೆ ಕೂತು ಚರ್ಚಿಸುವ ಅಂತರ್‌ಶಿಸ್ತೀಯ ವಿಜ್ಞಾನ ಸೆಮಿನಾರಿನ ಹೊಣೆ ನಿನ್ನ ಹೆಗಲೇರಿತು ಎಂದು ಓದಿ ನಕ್ಕುಬಿಟ್ಟೆ. ತಪ್ಪು ತಿಳಿಯಬೇಡ. ನಾಲ್ಕು ವರ್ಷದಿಂದ ಅದೇ ನೊಗ ಹೊತ್ತವನ ನಗು ಅದು. ಆ ಹೆಸರನ್ನು ಉಚ್ಚರಿಸುವಷ್ಟರಲ್ಲೇ ಅರ್ಧ ಜನ ಎದ್ದು ಹೋಗುತ್ತಾರೆ. ನಾವು ನೋಟಿಸಿನಲ್ಲಿ ಬರೀ ‘ಶುಕ್ರವಾರದ ಮಾತು’ ಎಂದು ಹಾಕುತ್ತೇವೆ.

ದೊಡ್ಡ ಹೆಸರಿನವರನ್ನು ಕರೆಸುವ ಯೋಜನೆ ಹಾಕಿದ್ದೀಯ, ಅದಕ್ಕೆ ಷ್ರೋಡಿಂಗರ್‌ನನ್ನು ಸಾಕ್ಷಿಗೆ ತಂದಿದ್ದೀಯ. 1943ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಭೌತವಿಜ್ಞಾನಿಯೊಬ್ಬ ನಿಂತು ಜೀವ ಎಂದರೇನು ಎಂದು ಮಾತನಾಡಿದ, ಸುಮಾರು 400 ಮಂದಿ ಕೂತು ಕೇಳಿದರು, ಮರುವರ್ಷ ಅದು ಪುಸ್ತಕವಾಗಿ, ಮುಂದೆ ಡಿಎನ್‌ಎ ರಚನೆ ಕಂಡುಹಿಡಿದ ಕ್ರಿಕ್, ವಾಟ್ಸನ್ ಇಬ್ಬರ ಮೇಲೂ ಪ್ರಭಾವ ಬೀರಿತು. ಎಲ್ಲ ನಿಜ. ಆದರೆ ಅದು ಉಪನ್ಯಾಸ ಮಾರಾಯ, ಸೆಮಿನಾರ್ ಅಲ್ಲ. ಒಬ್ಬ ಹೇಳಿದ, ಮಿಕ್ಕವರು ಕೇಳಿದರು. ಅಂಥವನು ಸಿಕ್ಕರೆ ಕರೆಸು, ಬೇಡ ಎನ್ನುವುದಿಲ್ಲ. ಆದರೆ ವರ್ಷಕ್ಕೆ ಇಪ್ಪತ್ತು ಶುಕ್ರವಾರಗಳಿಗೆ ಇಪ್ಪತ್ತು ಷ್ರೋಡಿಂಗರ್‌ಗಳನ್ನು ಎಲ್ಲಿಂದ ತರುತ್ತೀಯ?

ನನಗೆ ಹೆಚ್ಚು ಇಷ್ಟವಾದ ಕಥೆ 1908ರದ್ದು. ತಳಿವಿಜ್ಞಾನಿ ಪನ್ನೆಟ್ ಲಂಡನ್ನಿನಲ್ಲಿ ವೈದ್ಯರ ಸಭೆಯೊಂದರ ಮುಂದೆ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಸಾಗುವ ಮೆಂಡೆಲ್‌ನ ನಿಯಮಗಳ ಬಗ್ಗೆ ಮಾತನಾಡಿದ. ಸಂಖ್ಯಾಶಾಸ್ತ್ರಜ್ಞ ಯೂಲ್ ಒಂದು ತಕರಾರು ಎತ್ತಿದ. ಗಿಡ್ಡ ಬೆರಳು ಪ್ರಬಲ ಗುಣ, ಅಪ್ಪ ಅಮ್ಮರಲ್ಲಿ ಒಬ್ಬರಿಂದ ಬಂದರೂ ಸಾಕು ಕಾಣಿಸಿಕೊಳ್ಳುತ್ತದೆ ಎನ್ನುತ್ತೀರಿ. ಹಾಗಿದ್ದರೆ ಕಾಲ ಕಳೆದಂತೆ ನಾಲ್ವರಲ್ಲಿ ಮೂವರಿಗೆ ಗಿಡ್ಡ ಬೆರಳಿರಬೇಕಿತ್ತಲ್ಲ, ಎಲ್ಲಿ ಅವರು? ಉತ್ತರ ಎಲ್ಲೋ ಇದೆ ಎಂದು ಪನ್ನೆಟ್‌ಗೆ ಅನ್ನಿಸಿತು, ಆದರೆ ಲೆಕ್ಕ ಹಾಕಿ ತೋರಿಸಲು ಬರಲಿಲ್ಲ. ಕೇಂಬ್ರಿಜ್‌ಗೆ ಮರಳಿದವನು ಆ ಪ್ರಶ್ನೆಯನ್ನು ತನ್ನ ಜೊತೆ ಕ್ರಿಕೆಟ್ ಆಡುತ್ತಿದ್ದ ಗಣಿತಜ್ಞ ಹಾರ್ಡಿಯ ಮುಂದಿಟ್ಟ. ಹೌದು, ನಮ್ಮ ರಾಮಾನುಜನ್‌ರನ್ನು ಇಂಗ್ಲೆಂಡಿಗೆ ಕರೆಸಿಕೊಂಡ ಅದೇ ಹಾರ್ಡಿ. ಅವನಿಗೆ ಅದು ಮಗ್ಗಿ ಬಲ್ಲವರ ಲೆಕ್ಕ. ಜೋಡಿಗಳು ಯಾದೃಚ್ಛಿಕವಾಗಿ ಕೂಡಿದರೆ, ಬೇರೆ ಒತ್ತಡವೇನೂ ಇಲ್ಲದಿದ್ದರೆ, ಗುಣ ಪ್ರಬಲವಾಗಿದೆ ಎಂಬ ಒಂದೇ ಕಾರಣಕ್ಕೆ ಅದು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲ. ನನಗೆ ಗೊತ್ತಿಲ್ಲದ ವಿಷಯದಲ್ಲಿ ತಲೆ ಹಾಕಲು ಸಂಕೋಚವಾಗುತ್ತದೆ ಎಂಬರ್ಥದ ಮಾತಿನಿಂದಲೇ ಶುರು ಮಾಡಿ, ‘ಸೈನ್ಸ್’ ಪತ್ರಿಕೆಗೆ ಒಂದು ಚಿಕ್ಕ ಪತ್ರ ಬರೆದು ಕೈತೊಳೆದುಕೊಂಡ. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದ. ತನ್ನ ಗಣಿತ ಯಾವ ಉಪಯೋಗಕ್ಕೂ ಬರುವುದಿಲ್ಲವೆಂದು ಬೀಗುತ್ತಿದ್ದ ಹಾರ್ಡಿಯ ಹೆಸರನ್ನು ಇವತ್ತು ಜೀವಶಾಸ್ತ್ರದ ಪ್ರತಿ ವಿದ್ಯಾರ್ಥಿಯೂ ಉರುಹೊಡೆಯುತ್ತಾನೆ.

ಈ ಕಥೆ ಹೇಳುವವರೆಲ್ಲ ಹಾರ್ಡಿಯನ್ನು ಹೊಗಳುತ್ತಾರೆ. ನನ್ನ ಕಣ್ಣು ಮಾತ್ರ ಯೂಲ್ ಮೇಲೆ. ಅವನ ತಕರಾರು ತಪ್ಪಾಗಿತ್ತು, ಆದರೆ ಅವನು ಸುಮ್ಮನೆ ಕೂರಲಿಲ್ಲ. ಪನ್ನೆಟ್‌ನೂ ಸಾಮಾನ್ಯನಲ್ಲ. ಹಾರಿಕೆಯ ಉತ್ತರ ಕೊಟ್ಟು ಮರೆತುಬಿಡುವ ಬದಲು ಬೇರೆ ವಿಭಾಗದ ಬಾಗಿಲು ತಟ್ಟಿದ. ಅಂಥ ಇಬ್ಬರು ಸಿಗುವಂತೆ ಮಾಡುವುದೇ ನಿನ್ನ ಕೆಲಸ. ಭಾಷಣಕಾರರು ಹೇಗೋ ಸಿಗುತ್ತಾರೆ.

ನಮ್ಮಲ್ಲಿ ಮೊದಲ ವರ್ಷ ನಡೆದದ್ದು ಸೆಮಿನಾರಲ್ಲ, ಗೋಣು ಹಾಕುವ ಸಮಾರಂಭ. ಭಾಷಣಕಾರರ ವಿಭಾಗದವರೇ ಮೊದಲ ಸಾಲಿನಲ್ಲಿ ಕೂರುತ್ತಿದ್ದರು. ಮಾತನಾಡುವವರಿಗೆ ಕಾಣುತ್ತಿದ್ದದ್ದು ಅವರ ಮುಖ ಮಾತ್ರ. ಅವರೆದುರು ಸಣ್ಣವರಾಗಬಾರದೆಂದು ಮೂರನೇ ಸ್ಲೈಡಿಗೇ ಸಮೀಕರಣಗಳ ಕಾಡು ಹೊಕ್ಕುಬಿಡುತ್ತಿದ್ದರು. ಹಿಂದಿನ ಸಾಲಿನವರು ಹಾಜರಿ ಹಾಕಿ ಮೊಬೈಲ್ ನೋಡುತ್ತಿದ್ದರು. ಎರಡನೇ ವರ್ಷ ಒಂದು ನಿಯಮ ತಂದೆ: ಮಾತು ಮುಗಿದ ಮೇಲೆ ಹತ್ತು ನಿಮಿಷ ಅದೇ ವಿಭಾಗದವರು ಬಾಯಿ ತೆರೆಯುವಂತಿಲ್ಲ. ಹಿರಿಯರೊಬ್ಬರು ಸಿಟ್ಟಾಗಿ ಎದ್ದು ಹೋದರು, ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಆ ಹತ್ತು ನಿಮಿಷದ ಮೌನ ಮೊದಮೊದಲು ಭಯಂಕರವಾಗಿರುತ್ತದೆ. ನೀನು ಎದ್ದು ಅದನ್ನು ತುಂಬಿಸಲು ಹೋಗಬೇಡ.

ಮೌನ ಒಡೆಯುವುದು ಸಾಮಾನ್ಯವಾಗಿ ಪದಗಳ ಜಗಳದಿಂದ. ಒಮ್ಮೆ ‘ಮಾಡೆಲ್’ ಎಂಬ ಪದಕ್ಕೆ ಇಪ್ಪತ್ತು ನಿಮಿಷ ಹೋಯಿತು. ಗಣಿತದವರು ನಿಮ್ಮ ಮಾಡೆಲ್ ಯಾವುದು ಎಂದು ಕೇಳಿದರು, ಜೀವಶಾಸ್ತ್ರದವರು ಇಲಿ ಎಂದರು. ಅವರಿಗೆ ಮಾಡೆಲ್ ಎಂದರೆ ಸಮೀಕರಣ, ಇವರಿಗೆ ಪ್ರಯೋಗದ ಪ್ರಾಣಿ. ಇನ್ನೊಮ್ಮೆ ಖಗೋಳದವರು ಆಮ್ಲಜನಕವನ್ನು ಲೋಹಗಳ ಪಟ್ಟಿಗೆ ಸೇರಿಸಿ ಮಾತನಾಡಿದಾಗ ರಸಾಯನಶಾಸ್ತ್ರದವರ ಮುಖ ನೋಡಬೇಕಿತ್ತು. ಹೀಲಿಯಂಗಿಂತ ಭಾರವಾದದ್ದೆಲ್ಲ ಖಗೋಳದವರಿಗೆ ಲೋಹವೇ. ಅಲ್ಲಿಯವರೆಗೆ ಎಷ್ಟು ಸಲ ಎಲ್ಲರೂ ಅರ್ಥವಾಯಿತೆಂದು ತಲೆಯಾಡಿಸಿದ್ದೆವೋ.

ಈಗ ತಡವಾದದ್ದರ ಉಳಿದರ್ಧ. ಕಳೆದ ತಿಂಗಳು ಗಣಿತ ವಿಭಾಗದ ಯುವ ಅಧ್ಯಾಪಕಿಯೊಬ್ಬರು ಸಸ್ಯಗಳ ಸುರುಳಿಗಳ ಬಗ್ಗೆ ಮಾತನಾಡಿದರು. ಸಸ್ಯಶಾಸ್ತ್ರದವನಾದ ನಿನಗೆ ಇದು ಹಳೆಯ ಕಥೆ: ಎಲೆಯಿಂದ ಎಲೆಗೆ ಸುಮಾರು 137.5 ಡಿಗ್ರಿ ತಿರುವು, ಹಿಂದಿನೆರಡನ್ನು ಕೂಡಿದರೆ ಮುಂದಿನದು ಸಿಗುವ 1, 2, 3, 5, 8, 13 ಎಂಬ ಫಿಬೊನಾಚಿ ಸಂಖ್ಯೆಗಳು. 1992ರಲ್ಲಿ ಫ್ರಾನ್ಸಿನ ದುವಾಡಿ ಮತ್ತು ಕುಡೇರ್ ಎಣ್ಣೆಯೊಳಗೆ ಕಾಂತೀಯ ದ್ರವದ ಹನಿಗಳನ್ನು ಒಂದೊಂದಾಗಿ ಬೀಳಿಸಿ, ಅವು ಒಂದನ್ನೊಂದು ತಳ್ಳುತ್ತ ಅದೇ ಸುರುಳಿ ಕಟ್ಟುವುದನ್ನು ತೋರಿಸಿದ್ದನ್ನೂ ವಿವರಿಸಿದರು. ಚೀಲ ತುಂಬ ಪೈನ್ ಮರದ ಒಣಕಾಯಿ ತಂದು (ಕಾಯಿ ಎಂದರೆ ನೀನು ಸಿಡುಕುತ್ತೀಯ, ಶಂಕು ಎನ್ನೋಣ) ಎಲ್ಲರ ಕೈಗೂ ಕೊಟ್ಟರು. ಸುರುಳಿಗಳನ್ನು ಎಣಿಸಿ ನೋಡಿ, ಒಂದು ದಿಕ್ಕಿಗೆ 8, ಇನ್ನೊಂದು ದಿಕ್ಕಿಗೆ 13 ಎಂದರು.

ಭೂವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಕೈ ಎತ್ತಿದಳು. ತನ್ನದರಲ್ಲಿ 7 ಮತ್ತು 11 ಬರುತ್ತಿದೆ ಎಂದಳು. ತಪ್ಪು ಎಣಿಸಿರಬೇಕು ಎಂಬ ಉತ್ತರ ಬಂತು. ಅವಳು ಕೂರಲಿಲ್ಲ. ಕಲ್ಲಿನ ಪದರಗಳನ್ನು ಎಣಿಸಿ ಅಭ್ಯಾಸವಿದ್ದವಳು, ಚೀಲದಿಂದ ಕೆಂಪು ಪೆನ್ ತೆಗೆದು ಒಂದೊಂದು ಸುರುಳಿಯ ಬುಡದ ಚಿಪ್ಪಿಗೂ ಚುಕ್ಕೆಯಿಟ್ಟಳು, ಎದುರು ಸುರುಳಿಗೆ ನೀಲಿ. ನಾವೆಲ್ಲ ಸುತ್ತ ನಿಂತು ಎಣಿಸಿದೆವು. ಕೆಂಪು 7, ನೀಲಿ 11. ಅಧ್ಯಾಪಕಿ ಶಂಕುವನ್ನು ಕೈಗೆ ತೆಗೆದುಕೊಂಡು ಎರಡು ಸಲ ತಿರುಗಿಸಿ, ಬೋರ್ಡಿಗೆ ಹೋಗಿ 1, 3, 4, 7, 11, 18 ಎಂದು ಬರೆದರು. ಇದು ಲ್ಯೂಕಾಸ್ ಸರಣಿ, ಕೂಡುವ ನಿಯಮ ಅದೇ, ಆರಂಭ ಬೇರೆ, ತಿರುವು ಸುಮಾರು 99.5 ಡಿಗ್ರಿ, ಅಪರೂಪವಾದರೂ ಸಸ್ಯಗಳಲ್ಲಿ ಕಾಣುವಂಥದ್ದೇ ಎಂದು ವಿವರಿಸಿದರು. ಹುಡುಗಿ ಮತ್ತೆ ಕೇಳಿದಳು: ಮಿಕ್ಕವು ಇದೇ ಮರದವೇ? ಹೌದು, ಒಂದೇ ಮರದಡಿ ಆಯ್ದದ್ದು. ಹಾಗಾದರೆ ಇದೊಂದೇ ಯಾಕೆ ದಾರಿ ಬದಲಿಸಿತು, ಯಾವ ಘಳಿಗೆಯಲ್ಲಿ? ಅಧ್ಯಾಪಕಿ ಬಳಪ ಕೆಳಗಿಟ್ಟು, ನನಗೆ ಗೊತ್ತಿಲ್ಲ ಎಂದರು.

ನಾಲ್ಕು ವರ್ಷದಲ್ಲಿ ಆ ವೇದಿಕೆಯ ಮೇಲೆ ನಾನು ಆ ಮಾತು ಕೇಳಿದ್ದು ಅದೇ ಮೊದಲು.

ಅಂದು ಮೌಲ್ಯಮಾಪನದ ಗಡಿಬಿಡಿ, ನಮ್ಮ ಸಸ್ಯಶಾಸ್ತ್ರದವರು ಒಬ್ಬರೂ ಬಂದಿರಲಿಲ್ಲ. ಆಮೇಲೆ ಮೂವರನ್ನು ಕೇಳಿದೆ, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಂಬಂತೆ ಮೂರು ಉತ್ತರ ಸಿಕ್ಕವು. ಇದರ ಹಿಂದೆ ಬಿದ್ದು ನಿನ್ನ ಪತ್ರ ಹಾಗೇ ಉಳಿಯಿತು. ಮೊದಲ ಎರಡು ಮೂರು ಮೊಗ್ಗುಗಳು ಎಲ್ಲಿ ಕೂರುತ್ತವೆ ಎಂಬುದರಲ್ಲೇ ಮುಂದಿನದೆಲ್ಲ ತೀರ್ಮಾನವಾಗುತ್ತದೆಯೇ, ಅಥವಾ ನಡುವೆಯೂ ದಾರಿ ತಪ್ಪಬಹುದೇ? ಸೂಕ್ಷ್ಮದರ್ಶಕದ ಕೆಳಗೆ ಎಳೆಯ ಮೊಗ್ಗು ಸೀಳಿ ನೋಡುವವನು ನೀನು. ನಿನ್ನಲ್ಲಿಗೂ ಒಂದು ಶುಕ್ರವಾರಕ್ಕೆ ವಿಷಯ ಸಿಕ್ಕಂತಾಯಿತು.

ಶಂಕು ನನ್ನ ಮೇಜಿನ ಮೇಲಿದೆ, ಕೆಂಪು ನೀಲಿ ಚುಕ್ಕೆಗಳ ಸಮೇತ. ವಿಳಾಸ ಅದೇ ತಾನೇ? ಹತ್ತಿಯಲ್ಲಿ ಸುತ್ತಿ ಸೋಮವಾರದ ಅಂಚೆಗೆ ಹಾಕುತ್ತೇನೆ. ಬಂದ ಕೂಡಲೇ ಮೊದಲು ನೀನೂ ಒಮ್ಮೆ ಎಣಿಸು.

ಇಂತಿ ನಿನ್ನ,
ಹಳೆಯ ಸಹಪಾಠಿ